ದೊಡ್ಡತ್ತೆಯ ಮುನ್ನೂರು ಮಿಲಿಮೀಟರು

ರಾಯಚೂರಿನಲ್ಲಿ ಒಬ್ಬರು ಕ್ಯಾಮೆರಾ ಅಂಗಡಿಯವರಿದ್ದಾರೆ. ನನ್ನ ದೊಡ್ಡತ್ತೆ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅವರು ನಮಸ್ಕಾರ ಹೇಳುವುದಿಲ್ಲ, ಕುರ್ಚಿ ಹಾಕುವುದಿಲ್ಲ, ನೇರವಾಗಿ "ಸೀರಿ ತಂದೀರೇನ್ರಿ ಅಮ್ಮಾರ?" ಎಂದು ಕೇಳುತ್ತಾರೆ. ತಂದಿದ್ದೇನೆ ಎಂದರೆ ಅವರ ಮಧ್ಯಾಹ್ನದ ಊಟ ಆ ದಿನ ಸಂಜೆಗೆ ಹೋಯಿತೆಂದೇ ಅರ್ಥ. ಕ್ಯಾಮೆರಾ ಅಂಗಡಿಗೂ ಸೀರೆಗೂ ಏನಯ್ಯಾ ಸಂಬಂಧ ಅನ್ನುತ್ತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಸ್ವಲ್ಪ ತಡೆಯಿರಿ.

ದೊಡ್ಡತ್ತೆ ಅಂದರೆ ನನ್ನ ಅಪ್ಪನ ಅಕ್ಕ. ರಾಯಚೂರಿನಿಂದ ಗಡಿ ದಾಟಿದರೆ ಸಿಗುವ ನಾರಾಯಣಪೇಟೆಯಲ್ಲಿ ಆಕೆಯ ಮನೆ. ಮನೆಯಲ್ಲಿ ಎರಡು ಮಗ್ಗ, ಒಬ್ಬ ಗಂಡ. ಈ ಮೂರರಲ್ಲಿ ಸದ್ದು ಮಾಡುವುದು ಮಗ್ಗ ಎರಡೇ. ಆಕೆ ಓದಿದ್ದು ನಾಲ್ಕನೆಯ ತರಗತಿ, ಅದೂ ಪೂರ್ತಿ ಅಲ್ಲ. ಆದರೆ ಎಪ್ಪತ್ತು-ಮುನ್ನೂರರ ಲೆನ್ಸಿಗೂ ಹದಿನೆಂಟು-ಇನ್ನೂರರ ಲೆನ್ಸಿಗೂ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿ ನೋಡಿ. ನೀವು ಹತ್ತಬೇಕಾಗಿದ್ದ ಬಸ್ಸು ಮರಿಕಲ್ ದಾಟಿರುತ್ತದೆ, ಆಕೆಯ ಉತ್ತರ ಮುಗಿದಿರುವುದಿಲ್ಲ.

ಇದೆಲ್ಲ ಶುರುವಾದದ್ದು ಪ್ರತ್ಯೇಕ ರಾಜ್ಯದ ಹೋರಾಟದ ದಿನಗಳಲ್ಲಿ. ಇವತ್ತು ಬಂದ್, ನಾಳೆ ರಸ್ತಾರೋಕೊ, ನಾಡಿದ್ದು ಮತ್ತೆ ಬಂದ್. ದೊಡ್ಡತ್ತೆಯ ಮನೆಗೆ ಸೀರೆ ನೋಡಲು ಹೈದರಾಬಾದಿನಿಂದ ಬರುತ್ತಿದ್ದ ವ್ಯಾಪಾರಿಗೆ ಬಸ್ಸಿಲ್ಲ. ಆತ ಫೋನು ಮಾಡಿ, ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ ಎಂದ. ಆಗ ಆಕೆಗೆ ನೆನಪಾದವನು ನಾನು. ನಾನು ಮಕ್ತಲಿನ ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಸ್ವಲ್ಪ ದಿನದ ಹಿಂದಷ್ಟೇ ಒಂದು ಕ್ಯಾಮೆರಾ ಕೊಂಡಿದ್ದೆ. ಅದರ ಡಬ್ಬಿಯ ಮೇಲೆ "ಇಪ್ಪತ್ತೊಂದು ಎಕ್ಸ್ ಜೂಮ್" ಎಂದು ಹೊನ್ನಿನ ಅಕ್ಷರದಲ್ಲಿ ಬರೆದಿತ್ತು. ಕಂಡಕಂಡವರಿಗೆಲ್ಲ ಡಬ್ಬಿಯನ್ನೇ ತೋರಿಸುತ್ತಿದ್ದೆ.

ಮಗ್ಗದ ಕೋಣೆ ಇಕ್ಕಟ್ಟು. ಗೋಡೆಗೆ ಸೀರೆ ತೂಗುಹಾಕಿ, ನಾನು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಇಡೀ ಸೀರೆ ಹಿಡಿಯಲೆಂದು ಜೂಮನ್ನು ಪೂರ್ತಿ ಹಿಂದಕ್ಕೆ ಎಳೆದು ಫೋಟೋ ತೆಗೆದೆ. ನಾರಾಯಣಪೇಟೆ ಸೀರೆ ಎಂದರೆ ನಿಮಗೆ ಗೊತ್ತಿರಬೇಕು, ಒಡಲ ತುಂಬ ಚೌಕಳಿ. ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ನಡುವಿನ ಚೌಕಗಳು ಸರಿಯಾಗಿದ್ದವು. ಅಂಚಿಗೆ ಹೋದ ಹಾಗೆ ಗೆರೆಗಳು ಹೊಟ್ಟೆ ಬಿಟ್ಟಿದ್ದವು!

ದೊಡ್ಡತ್ತೆ ನೋಡಿದಳು, ಎದ್ದಳು, ಒಳಗೆ ಹೋದಳು. ಮಗ್ಗಕ್ಕೆ ಬಿಗಿದ ಅದೇ ಹಾಸಿನ ಎಳೆಗಳ ಮೇಲೆ ಮುಂದಿನ ಸೀರೆ ನೇಯುತ್ತಿದ್ದ ಮಾವನ ಮುಂದೆ ನಿಂತು, "ಏನ್ರಿ, ಮೂವತ್ತು ವರ್ಷ ನೇಯ್ದು ಈಗ ಗೆರಿ ಸೊಟ್ಟ ಮಾಡಾಕತ್ತೀರಿ. ಬಿಚ್ಚ್ರಿ ಅದನ್ನ" ಎಂದಳು. ಮಾವ ಬಿಚ್ಚಿದರು. ಎರಡು ದಿನದ ನೇಯ್ಗೆ, ಒಂದೊಂದೇ ಎಳೆ. ಮೂರನೆಯ ದಿನ ನನ್ನ ಹತ್ತಿರವಿದ್ದ ಸ್ಕೇಲು ಇಸಿದುಕೊಂಡು, ಗೋಡೆಯ ಮೇಲಿನ ಸೀರೆಯನ್ನು ತೋರಿಸಿ, ಹೆಂಡತಿಯ ಕೈಗೆ ಸ್ಕೇಲು ಕೊಟ್ಟು "ಅಳಿ" ಎಂದರು. ಆ ವರ್ಷ ನಾನು ಕೇಳಿದ ಅವರ ಮಾತು ಅದೊಂದೇ.

ದೊಡ್ಡತ್ತೆ ಅಳೆದಳು. ನಡುವಿನ ಚೌಕ, ಮೂಲೆಯ ಚೌಕ, ಮೇಲಿನದು, ಕೆಳಗಿನದು. ಎಲ್ಲವೂ ಒಂದೇ ಅಳತೆ. ಬೇರೆ ಯಾರಾದರೂ ಆಗಿದ್ದರೆ ಗಂಡನ ಕಡೆ ತಿರುಗಿ "ತಪ್ಪಾತ್ರಿ" ಅನ್ನುತ್ತಿದ್ದರು. ಆದರೆ ಆ ಮಾತು ದೊಡ್ಡತ್ತೆಯ ಬಾಯಲ್ಲಿ ಬರುವುದಿಲ್ಲ. ಹುಟ್ಟಿದಾಗಿನಿಂದ ಬಂದಿಲ್ಲ, ನಮ್ಮಪ್ಪನೇ ಸಾಕ್ಷಿ. ಆಕೆ ಮಾವನಿಗೆ ಒಂದು ಚಹಾ ಮಾಡಿಕೊಟ್ಟಳು. ಆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು, ವ್ಯಾಪಾರಿಗೆ ಕೊಡಲೇ ಇಲ್ಲ. ಆಮೇಲೆ ನನ್ನ ಮುಂದೆ ಬಂದು ಕೂತು, "ಸುಳ್ಳು ಹೇಳಿದ್ದು ಅವರಲ್ಲ, ಈ ನಿನ್ನ ಕ್ಯಾಮೆರಾ. ಯಾಕ ಹೇಳ್ತು, ಹೇಳು" ಎಂದು ಪಂಚನಾಮೆಗೆ ಶುರು ಹಚ್ಚಿದಳು.

ಪಂಚನಾಮೆಯ ಕತೆಗೆ ಮೊದಲು ಇನ್ನೊಂದು ಹೇಳಿಬಿಡಬೇಕು. ಆ ಒಂದು ಮಾತು ಬಾಯಿಗೆ ಬಾರದ್ದರಿಂದ ದೊಡ್ಡತ್ತೆಗೆ ಎರಡು ದಿನದ ನೇಯ್ಗೆಗಿಂತ ದೊಡ್ಡ ನಷ್ಟವೂ ಆಗಿತ್ತು. ಗದ್ವಾಲದಲ್ಲಿ ಆಕೆಗೊಬ್ಬ ತಂಗಿಯಿದ್ದಾಳೆ, ನನ್ನ ಚಿಕ್ಕತ್ತೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಒಬ್ಬಳನ್ನು ನಾರಾಯಣಪೇಟೆಯ ನೇಕಾರರ ಮನೆಗೆ ಕೊಟ್ಟರು, ಇನ್ನೊಬ್ಬಳನ್ನು ಗದ್ವಾಲದ ನೇಕಾರರ ಮನೆಗೆ. ಎರಡೂ ಸೀರೆಗೆ ಹೆಸರಾದ ಪೈಪೋಟಿಯ ಊರುಗಳು, ನಮ್ಮ ಹಿರಿಯರು ಅಷ್ಟು ಯೋಚನೆ ಮಾಡಿರಲಿಕ್ಕಿಲ್ಲ.

ನನ್ನ ಮದುವೆಯಲ್ಲಿ ಇಬ್ಬರೂ ಮದುಮಗಳಿಗೆ ಸೀರೆ ತಂದಿದ್ದರು. ಮುಹೂರ್ತಕ್ಕೆ ಯಾವುದು ಉಡಿಸುವುದು? ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು-ಸೆರಗು ರೇಷ್ಮೆ. ಎರಡನ್ನೂ ಮಗ್ಗದಲ್ಲೇ ಎಳೆಗೆ ಎಳೆ ಕೂಡಿಸುತ್ತಾರೆ, ಕೂಡಿದ್ದು ಎಲ್ಲೆಂದು ಕಾಣುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದ ದೊಡ್ಡತ್ತೆ, ಬೀಗರ ಮುಂದೆ, "ಚಂದ ಐತಿ. ತ್ಯಾಪಿ ಹಚ್ಚಿದ್ದು ಗೊತ್ತ ಆಗಂಗಿಲ್ಲ" ಎಂದುಬಿಟ್ಟಳು. ಚಿಕ್ಕತ್ತೆ ಸುಮ್ಮನಿರುವವಳೇ? "ಅಕ್ಕಾ, ನಿಂದು ಉಟ್ರ ಹುಡುಗಿ ಲೆಕ್ಕದ ನೋಟ್‌ಬುಕ್ ಸುತ್ತಿಕೊಂಡಂಗ ಕಾಣ್ತಾಳ" ಎಂದಳು. ಮದುಮಗಳು ಹೆದರಿ ತವರಿನವರು ತಂದಿದ್ದ ಮೂರನೆಯ ಸೀರೆ ಉಟ್ಟಳು. ಅಕ್ಕತಂಗಿ ಮಾತು ಬಿಟ್ಟರು.

"ಮೊದಲ ಅಂದಾಕಿ ಅಕ್ಕ, ಮೊದಲ ಮಾತಾಡಬೇಕಾದಾಕಿನೂ ಅಕಿನ" ಎಂದು ಗದ್ವಾಲದ ವಾದ. "ಸಣ್ಣಾಕಿ, ತಾನಾಗಿ ಬರಬೇಕು" ಎಂದು ನಾರಾಯಣಪೇಟೆಯ ವಾದ. ನಡುವೆ ಮಕ್ತಲಿನಲ್ಲಿ ನಮ್ಮಪ್ಪ, ಇಬ್ಬರ ಫೋನಿಗೂ "ಹೂಂ" ಅನ್ನುತ್ತ ಕೂತಿರುತ್ತಿದ್ದ. ಮನೆಯ ಮದುವೆ ಮುಂಜಿಗಳಿಗೆ ಇಬ್ಬರೂ ಬರುತ್ತಿದ್ದರು, ಪಂಕ್ತಿಯ ಎರಡು ತುದಿಗೆ ಕೂರುತ್ತಿದ್ದರು. ಗದ್ವಾಲದ ಕಡೆಯಿಂದ ಯಾರಾದರೂ ಬಂದರೆ ದೊಡ್ಡತ್ತೆ ಅಲ್ಲಿಯ ಮಳೆ ಕೇಳುವಳು, ನೂಲಿನ ಧಾರಣೆ ಕೇಳುವಳು, ಪಕ್ಕದ ಗಟ್ಟು ಊರಿನ ಕಡೆಯ ಶೇಂಗಾ ಹೇಗಿದೆ ಎಂದು ಕೇಳುವಳು. ತಂಗಿಯನ್ನು ಮಾತ್ರ ಕೇಳುವುದಿಲ್ಲ. ಆದರೆ ಬಂದವರು ತಾವಾಗಿ ಆಕೆಯ ಸುದ್ದಿ ಎತ್ತುವ ತನಕ ಅವರನ್ನು ಎದ್ದು ಹೋಗಲೂ ಬಿಡುವುದಿಲ್ಲ. ನಮಗೆಲ್ಲ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆವು.

ಇರಲಿ, ಪಂಚನಾಮೆಗೆ ಬರೋಣ.

"ಇಪ್ಪತ್ತೊಂದು ಎಕ್ಸ್ ಅಂದ್ರ ಯಾವುದರ ಇಪ್ಪತ್ತೊಂದು?" ಎಂದಳು ದೊಡ್ಡತ್ತೆ.

"ಇಪ್ಪತ್ತೊಂದು ಪಟ್ಟು ಹತ್ರ ಕಾಣತೈತಿ ಅತ್ತಿ."

"ಯಾವುದಕ್ಕಿಂತ?"

ನಾನು ಡಬ್ಬಿಯಿಂದ ಕೈಪಿಡಿ ತೆಗೆದೆ. ಆಕೆ ಅದನ್ನು ನನ್ನಿಂದ ಮೂರು ಸಲ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡಳು. ಆ ಕ್ಯಾಮೆರಾ ಇಪ್ಪತ್ತೈದು ಮಿಲಿಮೀಟರಿನಿಂದ ಐನೂರ ಇಪ್ಪತ್ತೈದರ ತನಕ ಹೋಗುತ್ತದೆ ಎಂದು ಬರೆದಿತ್ತು. ಆಕೆ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಉದ್ದಂದನ್ನ ಗಿಡ್ಡಂದರಲೇ ಭಾಗಿಸ್ಯಾರ, ಅಷ್ಟ. ಹಂಗಾದ್ರ ನೂರರಿಂದ ಮುನ್ನೂರರ ಲೆನ್ಸು ಮೂರು ಎಕ್ಸ್. ಹದಿನೆಂಟರಿಂದ ನೂರಾ ಎಂಬತ್ತರದು ಹತ್ತು ಎಕ್ಸ್. ಆದ್ರ ದೂರಂದನ್ನ ಹೆಚ್ಚು ಹತ್ರ ತರೋದು ಮೂರರದ್ದು, ಹತ್ತರದ್ದಲ್ಲ. ಹೌದಿಲ್ಲೋ?"

ನಾನು ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದೆ. ಹೌದು!

"ನೀ ಹುಡುಗರಿಗೆ ಲೆಕ್ಕ ಹೇಳ್ತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಲೆಯ ಕಡೆ ಹೋದಳು.

ಒಂದು ವಾರದಲ್ಲಿ ಆಕೆ ಕ್ಯಾಮೆರಾದ ಒಳಹೊರಗನ್ನೆಲ್ಲ ಕಂಡುಕೊಂಡಳು. ಗೋಡೆಗೆ ಬೆನ್ನು ಹಚ್ಚಿ ಇಪ್ಪತ್ತೈದರಲ್ಲಿ ತೆಗೆದರೆ ಗೆರೆ ಹೊಟ್ಟೆ ಬಿಡುತ್ತದೆ. ಸೀರೆಯನ್ನು ಅಂಗಳದ ಗೋಡೆಗೆ ಹಾಕಿ, ಬೀದಿಯ ಆಚೆ ನಿಂತು ನೂರರಲ್ಲಿ ತೆಗೆದರೆ ಗೆರೆ ಗೆರೆಯಾಗಿಯೇ ಇರುತ್ತದೆ. "ಇಪ್ಪತ್ತೈದು ಅಂದ್ರ ಬಾಯಿ ತಕ್ಕೊಂಡು ನೋಡೋದು. ಮುನ್ನೂರು ಅಂದ್ರ ಕಣ್ಣು ಸಣ್ಣ ಮಾಡಿ ನೋಡೋದು" ಎಂದು ನನಗೆ ಪಾಠ ಮಾಡಿದಳು. ಜೂಮು ಮುಗಿದ ಮೇಲೂ ಗುಂಡಿ ಒತ್ತಿದರೆ ಕ್ಯಾಮೆರಾ ಇನ್ನೂ ಹತ್ತಿರ ತೋರಿಸುತ್ತಿತ್ತಲ್ಲ, ಡಿಜಿಟಲ್ ಜೂಮು, ಅದನ್ನು ಕಂಡು ಹಿಗ್ಗಿದ್ದವನು ನಾನು. ಆಕೆ ಒಂದೇ ನೋಟಕ್ಕೆ ತಳ್ಳಿಹಾಕಿದಳು. "ಇದು ಹತ್ರ ತರೋದಲ್ಲ, ಇದ್ದ ಬಟ್ಟಿ ಹಿಡದು ಜಗ್ಗೋದು. ಎಳಿ ಹೆಚ್ಚಾಗಂಗಿಲ್ಲ, ಸಂದು ಹೆಚ್ಚಾಗತಾವ." ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ, ಈಗ ನನ್ನ ತರಗತಿಯಲ್ಲೂ ಹೀಗೇ ಹೇಳುತ್ತೇನೆ.

ಅಷ್ಟರಲ್ಲಿ ಆಕೆಯ ಕೀರ್ತಿ ಉಪವಾಸದ ಟೆಂಟಿಗೂ ಮುಟ್ಟಿತು. ನಾರಾಯಣಪೇಟೆಯ ಚೌಕದಲ್ಲಿ ಹೋರಾಟದ ಸರದಿ ಉಪವಾಸ ನಡೆದಿತ್ತು. ಬಿತ್ತನೆಯ ಹಂಗಾಮು, ಹಾಗಾಗಿ ಕೂತವರು ಹದಿನೈದೋ ಹದಿನಾರೋ ಮಂದಿ. ಮುಂದಾಳು ಬಂದು ತೆಲುಗಿನಲ್ಲಿ, "ಅಮ್ಮಾ, ಜರ ಎಕ್ಕುವ ಮಂದಿ ಕನಪಡೇಟಟ್ಟು ತಿಯ್ಯಿ" ಎಂದ. ಜನ ಒಂದಿಷ್ಟು ಹೆಚ್ಚು ಕಾಣಬೇಕಂತೆ. ದೊಡ್ಡತ್ತೆ ಅವರನ್ನೆಲ್ಲ ಎಬ್ಬಿಸಿ, ರಸ್ತೆಯುದ್ದಕ್ಕೂ ಅಲ್ಲೊಬ್ಬರು ಇಲ್ಲೊಬ್ಬರಂತೆ ಹಿಂದೆ ಮುಂದೆ ಕೂರಿಸಿ, ತಾನು ಬೀದಿಯ ಕೊನೆಯ ತನಕ ನಡೆದು ಹೋಗಿ, ಜೂಮನ್ನು ಪೂರ್ತಿ ಚಾಚಿ ತೆಗೆದಳು. ಫೋಟೋದಲ್ಲಿ ತಲೆಯ ಮೇಲೆ ತಲೆ, ಕಾಲಿಡಲು ಜಾಗವಿಲ್ಲ! ಅದೇ ಹೊತ್ತಿಗೆ ಇನ್ಯಾರೋ ಟೆಂಟಿನ ಬಾಯಲ್ಲೇ ನಿಂತು ಫೋನಿನಲ್ಲಿ ತೆಗೆದಿದ್ದರು. ಅದರಲ್ಲಿ ನಾಲ್ಕು ಮಂದಿ, ಉಳಿದದ್ದೆಲ್ಲ ಜಮಖಾನೆ.

ಯಾವುದು ಖರೆ, ಯಾವುದು ಸುಳ್ಳು ಎಂದು ಚಹಾ ಹೋಟೆಲಿನಲ್ಲಿ ಕೈಕೈ ಮಿಲಾಯಿಸುವ ತನಕ ಹೋಗಿ, ಕೊನೆಗೆ ಎರಡೂ ಫೋಟೋ ದೊಡ್ಡತ್ತೆಯ ಕಟ್ಟೆಗೆ ಬಂದವು. ಅವತ್ತು ನಮ್ಮಪ್ಪನೂ ಅಲ್ಲಿದ್ದ. ಆಕೆ ಎರಡನ್ನೂ ನೋಡಿ, "ಎರಡೂ ಖರೇನ. ಅಂವ ಹತ್ರ ನಿಂತಾನ, ನಾ ದೂರ ನಿಂತೀನಿ. ಮಂದಿ ಇದ್ದಷ್ಟ ಇದ್ರು. ಲೆನ್ಸು ಏನೂ ಮಾಡಿಲ್ಲ, ಎಲ್ಲಾ ಫಾಸಲಾದ, ದೂರದ ಆಟ" ಎಂದು ತೀರ್ಪು ಕೊಟ್ಟಳು. ಬಂದವರು ತಲೆದೂಗಿ ಹೋದರು.

ನಮ್ಮಪ್ಪ ಮೆಲ್ಲಗೆ, "ಹಂಗಾದ್ರ ಅಕ್ಕಾ, ಗದ್ವಾಲದ ವಿಷಯದಾಗ ನೀ ಎಲ್ಲಿ ನಿಂತಿ?" ಎಂದ.

"ಚಾ ಮಾಡ್ತೀನಿ" ಎಂದು ಆಕೆ ಒಳಗೆ ಹೋದಳು. ಅವತ್ತು ಚಹಾ ಬರಲೇ ಇಲ್ಲ.

ರಾಜ್ಯ ಬಂತು. ಪಟಾಕಿ ಹಾರಿಸಿದೆವು, ಒಬ್ಬರಿಗೊಬ್ಬರು ಗುಲಾಲು ಹಚ್ಚಿದೆವು. ಆಮೇಲೆ ಜಿಲ್ಲೆಗಳು ಬೇರೆ ಬೇರೆಯಾದವು. ಗದ್ವಾಲ ತನ್ನದೇ ಜಿಲ್ಲೆಯಾಯಿತು, ನಾರಾಯಣಪೇಟೆ ಹಿಂದೆ ಉಳಿಯಿತು. ದೊಡ್ಡತ್ತೆ ಅದನ್ನು ಸರ್ಕಾರದ ನಿರ್ಧಾರವೆಂದು ಒಪ್ಪಲೇ ಇಲ್ಲ. "ನೋಡು, ಮಾತು ಬಿಟ್ಟದ್ದು ಸಾಲಲಿಲ್ಲ, ಜಿಲ್ಲಾನ ಬ್ಯಾರೆ ಮಾಡಿಸಿಕೊಂಡ್ಳು" ಎಂದು ತಂಗಿಯ ಮೇಲೆಯೇ ಹಾಕಿದಳು.

ಅಷ್ಟು ಹೊತ್ತಿಗೆ ಫೋನಿನಲ್ಲಿ ಫೋಟೋ ಕಳಿಸಿ ಸೀರೆ ಮಾರುವ ಕಾಲ ಬಂದಿತ್ತು. ದೊಡ್ಡತ್ತೆಯ ಫೋಟೋಗಳಲ್ಲಿ ಗೆರೆ ನೆಟ್ಟಗೆ, ಬಣ್ಣ ಇದ್ದದ್ದು ಇದ್ದ ಹಾಗೆ. ನಾಲ್ಕೂರಿನ ನೇಕಾರರು ತಮ್ಮ ಸೀರೆಗಳನ್ನೂ ಆಕೆಯ ಹತ್ತಿರ ತರುತ್ತಿದ್ದರು. ಆಕೆ ನನ್ನ ಡಬ್ಬಿಯನ್ನು ನನಗೆ ತಿರುಗಿ ಕೊಟ್ಟು, ಲೆನ್ಸು ಬಿಚ್ಚಿ ಬದಲಿಸುವಂಥ ದೊಡ್ಡ ಕ್ಯಾಮೆರಾ ಕೊಂಡಳು. ಜನರನ್ನೂ ಮಿಲಿಮೀಟರಿನಲ್ಲೇ ಅಳೆಯತೊಡಗಿದಳು. ನಮ್ಮಪ್ಪ ಹದಿನೆಂಟು, ಎಲ್ಲವನ್ನೂ ನೋಡುತ್ತಾನೆ, ಯಾವುದನ್ನೂ ನೆಟ್ಟಗೆ ನೋಡುವುದಿಲ್ಲ. ಮಾವ ಐವತ್ತು, ಇದ್ದದ್ದನ್ನು ಇದ್ದ ಹಾಗೆ ನೋಡುವವರು. ನಾನು ಡಿಜಿಟಲ್ ಜೂಮು. "ನೀ ಎಷ್ಟು ಅತ್ತಿ?" ಎಂದು ಕೇಳಿದರೆ ಮಾತು ತೇಲಿಸಿಬಿಡುತ್ತಿದ್ದಳು.

ಒಂದು ದಿನ ಇದ್ದಕ್ಕಿದ್ದಂತೆ, "ನಡಿ ರಾಯಚೂರಿಗೆ, ಮುನ್ನೂರರ ಲೆನ್ಸು ತರೂಣು" ಎಂದಳು.

"ಸೀರಿ ಫೋಟೋಕ್ಕ ಮುನ್ನೂರು ಯಾಕ ಅತ್ತಿ?"

"ಜುರಾಲ ಡ್ಯಾಮಿನ ಕಟ್ಟಿಗೆ ಹಕ್ಕಿ ಬರತಾವಂತ."

ಹಕ್ಕಿಯಂತೆ! ಸಂಡಿಗೆ ಕಾಯುವಾಗ ಕಾಗೆ ಓಡಿಸಿದ್ದು ಬಿಟ್ಟರೆ ಈಕೆ ಜನ್ಮದಲ್ಲಿ ಹಕ್ಕಿಯ ಕಡೆ ತಲೆಯೆತ್ತಿದ್ದನ್ನು ನಾನು ಕಂಡಿಲ್ಲ. ಆದರೂ ಬೈಕು ತೆಗೆದೆ.

ಅಂಗಡಿಯವರು ಎರಡು ಲೆನ್ಸು ಮುಂದಿಟ್ಟರು. ಎರಡೂ ಮುನ್ನೂರಕ್ಕೆ ಹೋಗುವಂಥವೇ. ಒಂದು ಕೈಗೆಟಕುವ ಬೆಲೆಯದು. ಇನ್ನೊಂದು, ಬಿಂದಿಗೆಯಷ್ಟು ದಪ್ಪದ್ದು, ಬೆಲೆ ಕೇಳಿ ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಎರಡೂ ಮುನ್ನೂರ ಆದ್ರ ರೇಟಿನಾಗ ಇಷ್ಟ್ಯಾಕ ಫರಕು?" ಎಂದಳು ದೊಡ್ಡತ್ತೆ.

"ಅದು ಪ್ರೊಫೆಷನಲ್ ರಿ ಅಮ್ಮಾರ" ಎಂದರು ಅಂಗಡಿಯವರು.

"ಅದು ಹೆಸರಾತು. ಕಾರಣ ಹೇಳ್ರಿ."

ಆಕೆಯೇ ಎರಡನ್ನೂ ತಿರುಗಿಸಿ ನೋಡಿ, ಲೆನ್ಸಿನ ಬಾಯಿಯ ಮೇಲೆ ಬರೆದ ಅಂಕಿಗಳನ್ನು ನನ್ನಿಂದ ಓದಿಸಿದಳು. ಒಂದರ ಮೇಲೆ ಐದು ಪಾಯಿಂಟ್ ಆರು, ಇನ್ನೊಂದರ ಮೇಲೆ ಎರಡು ಪಾಯಿಂಟ್ ಎಂಟು. ಮುನ್ನೂರನ್ನು ಆ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಗೆ ಹೋಗುವ ಕಿಂಡಿಯ ಅಗಲ ಸಿಗುತ್ತದೆ ಎಂದು ನಾನು ಓದಿದ್ದನ್ನು ಹೇಳಿದೆ. "ಭಾಗಿಸು" ಎಂದಳು. ಮೊದಲನೆಯದು ಐವತ್ತನಾಲ್ಕು ಮಿಲಿಮೀಟರು, ಎರಡನೆಯದು ನೂರಾ ಏಳು. ಆಕೆ ಬೆರಳು ಚಾಚಿ ನೋಡಿದಳು. "ಇದು ಕಾಲು ಗೇಣು, ಅದು ಅರ್ಧ ಗೇಣು. ಅರ್ಧ ಗೇಣಿನ ಗಾಜನ್ನ ಒಂದು ತಪ್ಪಿಲ್ಲದಂಗ ತಿಕ್ಕಬೇಕಂದ್ರ ರೇಟು ಏರಲೇಬೇಕು ಬಿಡು. ಕತ್ತಲದಾಗ ಕುಂತು ಹುಲಿ ಫೋಟೋ ತೆಗ್ಯೋರಿಗಿ ಅದು. ನನಗ ಬಿ‌ಸಿಲೈತಿ, ಕಾಲು ಗೇಣು ಸಾಕು." ಅಂಗಡಿಯವರು ಈ ಮಾತುಗಳನ್ನು ಬಿಲ್ಲಿನ ಹಿಂಬದಿಗೆ ಬರೆದುಕೊಂಡರು.

"ಆ ದೊಡ್ಡದರ ರೇಟಿನಾಗ ನಲವತ್ತು ಗದ್ವಾಲ ಸೀರಿ ಬರತಾವ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನಾನು ಕತ್ತು ಹೊರಳಿಸಿ ನೋಡಿದೆ. ತನ್ನೂರಿನ ಸೀರೆಯಲ್ಲಿ ಅಳೆಯದೆ ಗದ್ವಾಲದ ಸೀರೆಯಲ್ಲಿ ಯಾಕೆ ಅಳೆದಳೋ, ಅದು ಆಕೆಗೇ ಗೊತ್ತಾಗಲಿಲ್ಲ.

ಆಮೇಲೆ ಶುರುವಾಯಿತು ಪರೀಕ್ಷೆ. ಚೀಲದಿಂದ ಸೀರೆ ತೆಗೆದಳು, ಮಾವ ನೇಯ್ದ ಅದೇ ಚೌಕಳಿ ಸೀರೆ. ಅಂಗಡಿಯ ಗೋಡೆಗೆ ತೂಗುಹಾಕಿಸಿ, ರಸ್ತೆ ದಾಟಿ ಆಚೆ ನಿಂತು, ಒಂದೇ ನಮೂನೆಯ ಮೂರು ಲೆನ್ಸುಗಳಲ್ಲಿ ಫೋಟೋ ತೆಗೆದು, ನಾಲ್ಕೂ ಮೂಲೆಯ ಚೌಕಗಳನ್ನು ದೊಡ್ಡದು ಮಾಡಿ ಎಳೆ ಎಣಿಸಿದಳು. ಸೀರೆ ಮಾರಲು ಬಂದಿದ್ದಾಳೆಂದು ತಿಳಿದು ಇಬ್ಬರು ಹೆಂಗಸರು ಬಂದು ರೇಟು ಕೇಳಿ ಹೋದರು. ಒಂದು ಲೆನ್ಸಿನ ಬಲಮೂಲೆ ಮಬ್ಬು, ಇನ್ನೊಂದರ ಎಡಮೂಲೆ ಮಬ್ಬು. ಮೂರನೆಯದು ಪಾಸಾಯಿತು. ಊಟಬಿಟ್ಟು ನಿಂತಿದ್ದ ಅಂಗಡಿಯವರು, "ಅಮ್ಮಾರ, ಈ ಸೀರಿ ನನಗ ಕೊಡ್ರಿ, ಲೆನ್ಸು ನೋಡಾಕ ಇದರಂಥಾದ್ದು ಇಲ್ಲ" ಎಂದರು. "ಇದು ಮಾರೋ ಸೀರಿ ಅಲ್ಲ" ಎಂದು ಆಕೆ ಮಡಿಸಿ ಇಟ್ಟುಕೊಂಡಳು.

ಹೊರಡುವಾಗ ಒಂದು ಪ್ರಶ್ನೆ ಕೇಳಿದಳು. "ಇದಕ್ಕ ಎಷ್ಟು ಹತ್ರ ಬಂದ್ರ ಕಾಣಂಗಿಲ್ಲ?"

ಅಂಗಡಿಯವರು ನಕ್ಕರು. "ಎಲ್ಲಾರೂ ಎಷ್ಟು ದೂರ ಕಾಣತೈತಿ ಅಂತ ಕೇಳ್ತಾರ್ರಿ. ಹತ್ರ ಯಾರೂ ಕೇಳಿಲ್ಲ." ಲೆನ್ಸಿನ ಮೈಮೇಲೆ ಬರೆದಿತ್ತು, ಒಂದೂವರೆ ಮೀಟರು. ಅದಕ್ಕಿಂತ ಹತ್ತಿರದ್ದು ಫೋಕಸ್ ಆಗುವುದಿಲ್ಲ. ದೊಡ್ಡತ್ತೆ ಮೊಣಕೈ ಮಡಿಸಿ ಅಳೆದಳು. ಮೂರೂಕಾಲು ಮೊಳ.

"ಅಷ್ಟು ಹತ್ರ ಯಾರು ಬರ್ತಾರ, ಬಿಡ್ರಿ" ಎಂದಳು.

ಮುನ್ನೂರು ಮಿಲಿಮೀಟರಿನ ಮೊದಲ ಬಳಕೆ ಮಕ್ತಲಿನಲ್ಲಿ, ನಮ್ಮ ದಾಯಾದಿಗಳ ಮದುವೆಯಲ್ಲಿ ಆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾಮೆರಾ ಕೊರಳಿಗೆ ಹಾಕಿ, ಚಪ್ಪರದ ಕೊನೆಯ ಕಂಬದ ಹತ್ತಿರ ನಿಂತಳು. ಆ ಉದ್ದದ ಲೆನ್ಸು ಹಿಡಿದರೆ ನನ್ನ ಕೈ ನಡುಗುತ್ತದೆ. ಆಕೆಯದು ನಡುಗಲಿಲ್ಲ. ತುಂಡಾದ ಎಳೆ ಕೂಡಿಸುವಾಗ ಉಸಿರು ಹಿಡಿಯುತ್ತಾಳಲ್ಲ, ಹಾಗೆ ಹಿಡಿದು ತೆಗೆದಳು.

ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದೆ. ಮದುಮಗಳು ಹನ್ನೊಂದು ಫೋಟೋದಲ್ಲಿದ್ದಳು. ಮದುಮಗ ನಾಲ್ಕರಲ್ಲಿ, ಅದರಲ್ಲಿ ಎರಡು ಆತ ಅಡ್ಡ ಬಂದದ್ದಕ್ಕೆ ಸಿಕ್ಕಿದ್ದು. ಉಳಿದ ನೂರಾ ಚಿಲ್ಲರೆ ಫೋಟೋಗಳೆಲ್ಲ ಚಿಕ್ಕತ್ತೆ! ಚಿಕ್ಕತ್ತೆ ಅಕ್ಕಿಕಾಳು ಹಾಕುವುದು, ಚಿಕ್ಕತ್ತೆ ಎಲೆಯಡಿಕೆ ಮಡಿಸುವುದು, ಚಿಕ್ಕತ್ತೆ ಊಟದ ಪಂಕ್ತಿಯಲ್ಲಿ ಯಾರಿಗೋ ಬೈಯುವುದು.

"ಹಕ್ಕಿ ಚಂದ ಬಂದಾವ ಅತ್ತಿ" ಎಂದೆ.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ, ನಾಚಲೂ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ದೊಡ್ಡದು ಮಾಡು. ಕನ್ನಡಕ ನೋಡು" ಎಂದಳು. ನೋಡಿದೆ. ಚಿಕ್ಕತ್ತೆಯ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದಕ್ಕೆ ಕೆಂಪು ದಾರ ಸುತ್ತಿ ಕಟ್ಟಿದ್ದಳು. ಅಷ್ಟು ದೂರದಿಂದ ದಾರದ ಎಳೆಗಳು ಕೂಡ ಕಾಣುತ್ತಿದ್ದವು.

"ಮನ್ಯಾಗ ಅಷ್ಟು ಮಂದಿ ಅದಾರ, ಒಬ್ಬರಿಗೂ ಕಾಣವಲ್ದೇನು" ಎಂದು ಸಣ್ಣ ದನಿಯಲ್ಲಿ ಅಂದಳು. ಪರದೆಯ ಮೇಲೆ ಆ ದಾರಕ್ಕೆ ಬೆರಳಿಟ್ಟು, "ನಿಮ್ಮಪ್ಪಗ ಹೇಳು, ಕನ್ನಡಕ ಬದಲಿ ಮಾಡು ಅಂತ ಆಕಿಗಿ ಹೇಳಂತ. ನಾ ಅಂದೆ ಅನಬ್ಯಾಡ" ಎಂದಳು.

ಅಪ್ಪ ಗದ್ವಾಲಕ್ಕೆ ಫೋನು ಮಾಡಿ ಹೇಳಿದ. ಆ ಕಡೆ ಚಿಕ್ಕತ್ತೆ, "ಯಾರು ನೋಡ್ಯಾರ?" ಎಂದಳಂತೆ.

"ಯಾರೋ ನೋಡ್ಯಾರ."

"ಪಕ್ಕದಾಗ ಕುಂತು ಉಂಡೋರಿಗೆ ಕಂಡಿಲ್ಲ ಇದು. ಕಂಬದ ಮರಿಗಿ ನಿಂತೋರಿಗಿ ಕಂಡೈತಿ, ಅಲ್ಲೇನು?" ಎಂದು ಫೋನು ಇಟ್ಟಳಂತೆ. ಕನ್ನಡಕ ಬದಲಿಸಲಿಲ್ಲ.

ಮುಂದೆ ಒಬ್ಬ ಬಸುರಿಯ ಕುಬಸದ ಕಾರ್ಯಕ್ಕೆ ಇಬ್ಬರೂ ಬಂದರು. ದೊಡ್ಡತ್ತೆ ಈ ತುದಿ, ಚಿಕ್ಕತ್ತೆ ಆ ತುದಿ. ಅಂದಿನ ಫೋಟೋ ನೋಡುವಾಗ ಒಂದಕ್ಕೆ ನಾನು ಬಿದ್ದು ಬಿದ್ದು ನಕ್ಕೆ. ಐವತ್ತೆಂಟು ವರ್ಷದ ಚಿಕ್ಕತ್ತೆ, ಮುತ್ತೈದೆಯರ ಸಾಲಿನಲ್ಲಿ ಕೂತು, ನೇರ ಲೆನ್ಸಿಗೇ ನಾಲಿಗೆ ಚಾಚಿದ್ದಳು! ಫೋಕಸ್ ಎಂದರೆ ಫೋಕಸ್. ದೊಡ್ಡತ್ತೆ ನಗಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿ, "ಕೆಳಗಿನ ಹಲ್ಲು ಒಂದು ಹೋಗೇತಿ" ಎಂದಳು. ಹೇಳದೆ ಕೇಳದೆ ಹಲ್ಲು ಹೋಯಿತಲ್ಲ ಎಂಬಂತಿತ್ತು ಆಕೆಯ ಮುಖ.

ಅದೇ ವರ್ಷ ಮಕ್ತಲಿನಲ್ಲಿ ನನ್ನ ಹೊಸ ಮನೆಯ ಪ್ರವೇಶ. ಬೆಳಗಿನ ಪೂಜೆ ಮುಗಿದಿತ್ತು. ಮನೆಯ ಮುಂದೆ ಇನ್ನೂ ಯಾರೂ ಕಟ್ಟದ ಖಾಲಿ ಜಾಗ, ಅದರ ಆಚೆ ತುದಿಗೆ ಒಂದು ಬೇವಿನ ಗಿಡ. ದೊಡ್ಡತ್ತೆ ಬೇವಿನ ನೆರಳಿನಲ್ಲಿ ಲೆನ್ಸು ಏರಿಸಿ ನಿಂತಳು. ನಾನು ಆಕೆಗೆ ಚಹಾ ಕೊಡಲು ಹೋಗಿದ್ದೆ. ಚಿಕ್ಕತ್ತೆ ಮನೆಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚುತ್ತಿದ್ದವಳು ತಲೆಯೆತ್ತಿ ಈ ಕಡೆ ನೋಡಿದಳು. ಎಲೆ ಕೆಳಗಿಟ್ಟಳು. ಎದ್ದಳು. ಮೆಟ್ಟಿಲಿಳಿದು, ಬಿಸಿಲಿನಲ್ಲಿ, ನೇರ ನಮ್ಮ ಕಡೆ ನಡೆಯತೊಡಗಿದಳು.

"ಅತ್ತಿ, ಬರಾಕತ್ತಾಳ" ಎಂದೆ.

"ಕಾಣತೈತಿ, ಸುಮ್ಮಿರು."

ಮುನ್ನೂರರಲ್ಲಿ ಮುಖ ಚೌಕಟ್ಟಿಗೆ ಹಿಡಿಸದಾಯಿತೋ ಏನೋ, ದೊಡ್ಡತ್ತೆಯ ಎಡಗೈ ಉಂಗುರ ತಿರುಗಿಸಿತು. ಇನ್ನೂರು. ಚಿಕ್ಕತ್ತೆ ನಿಲ್ಲಲಿಲ್ಲ. ನೂರಾ ಐವತ್ತು. ಮನೆಯ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ನೂರು. ನನ್ನ ಕೈಯಲ್ಲಿ ಚಹಾ ಆರುತ್ತಿತ್ತು. ಎಪ್ಪತ್ತು. ಅಲ್ಲಿಗೆ ಉಂಗುರ ಮುಗಿಯಿತು, ಇನ್ನು ಹಿಂದೆ ಸರಿಯಲು ಆ ಲೆನ್ಸಿನಲ್ಲಿ ಜಾಗವಿರಲಿಲ್ಲ. ಚಿಕ್ಕತ್ತೆ ಮತ್ತೆ ನಾಲ್ಕು ಹೆಜ್ಜೆ ಇಟ್ಟು, ಲೆನ್ಸಿನ ಬಾಯಿಗೆ ಒಂದು ಮೊಳದಷ್ಟು ಹತ್ತಿರ ಬಂದು ನಿಂತಳು. ಒಂದು ಸಲ ಕ್ಲಿಕ್ ಎಂದಿತು.

"ಎಂಟು ವರ್ಷ ಆತು ದೂರದಾಗಿಂದ ನೋಡಾಕತ್ತಿ" ಎಂದಳು ಚಿಕ್ಕತ್ತೆ. "ಈಗ ನೋಡು."

ದೊಡ್ಡತ್ತೆ ಕಣ್ಣಿನಿಂದ ಕ್ಯಾಮೆರಾ ತೆಗೆಯಲಿಲ್ಲ. ಲೆನ್ಸು ಒಳಗೆ ಹೊರಗೆ ಒದ್ದಾಡುವ ಸದ್ದು ಕೇಳುತ್ತಿತ್ತು. "ಫೋಕಸ್ ಆಗವಲ್ದು" ಎಂದಳು. "ಎರಡು ಹೆಜ್ಜಿ ಹಿಂದ ಸರಿ."

"ಸರಿಯಂಗಿಲ್ಲ."

ದೊಡ್ಡತ್ತೆ ಕ್ಯಾಮೆರಾ ಇಳಿಸಿದಳು. ಅದನ್ನು ನೋಡದೆಯೇ ನನ್ನ ಕೈಗೆ ಕೊಟ್ಟಳು, ಚಹಾದ ಲೋಟದ ಮೇಲೆಯೇ. ತಂಗಿಯ ಮುಖದ ಮೇಲಿನ ಕನ್ನಡಕವನ್ನು ಎರಡೂ ಕೈಯಿಂದ ತೆಗೆದುಕೊಂಡು, ಆ ದಾರ ಸುತ್ತಿದ ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ಎಂಥಾ ಗಂಟು?" ಎಂದಳು. "ನೇಕಾರರ ಮನ್ಯಾಗಿದ್ದು ಗಂಟು ಹಾಕಾಕ ಬರಂಗಿಲ್ಲೇನು ನಿನಗ?"

"ನೀ ಹಾಕಿಕೊಡು ಅಂತನ ಹಂಗ ಇಟ್ಟೀನಿ" ಎಂದಳು ಚಿಕ್ಕತ್ತೆ.

ದೊಡ್ಡತ್ತೆ ಬೇವಿನ ಬುಡದಲ್ಲಿ ಕೂತಳು. ಹಳೆಯ ದಾರ ಬಿಚ್ಚಿದಳು. ತನ್ನ ಸೆರಗಿನ ತುದಿಯಿಂದ ಒಂದು ಎಳೆ ಹಿರಿದು ತೆಗೆದು, ಮುರಿದ ಕಡ್ಡಿಗೆ ಸುತ್ತಿ, ಮಗ್ಗದಲ್ಲಿ ಹಾಕುವ ಆ ಸಣ್ಣ ಗಂಟು ಹಾಕಿದಳು. ಕನ್ನಡಕವಿಲ್ಲದೆ ಏನೂ ಕಾಣದ ಚಿಕ್ಕತ್ತೆ ಆಕೆಯ ಭುಜ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಇಬ್ಬರೂ ಅಳುತ್ತಿದ್ದರು, ಗಂಟು ಮಾತ್ರ ಒಂದೇ ಸಲಕ್ಕೆ ಸರಿಯಾಗಿ ಬಿತ್ತು. ತಪ್ಪಾಯಿತು ಎಂಬ ಮಾತನ್ನು ಆಕೆ ಅವತ್ತೂ ಆಡಲಿಲ್ಲ, ಯಾರೂ ಕೇಳಲೂ ಇಲ್ಲ.

ಮಾರನೆಯ ದಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಪಕ್ಕದಲ್ಲಿ ದೊಡ್ಡತ್ತೆ ಕೂತಿದ್ದಳು. ಒಳಗಿನ ಕೋಣೆಯಲ್ಲಿ ಚಿಕ್ಕತ್ತೆ, ಅಕ್ಕನ ಚೌಕಳಿ ಸೀರೆಗಳಿಗೆ ಹೊಸ ಹೊಸ ಅಡ್ಡಹೆಸರು ಇಡುತ್ತಿದ್ದಳು. ಕೊನೆಯ ಫೋಟೋ ಬಂತು. ಹಸಿರು ಸೀರೆಯ ಒಂದು ಮಬ್ಬು, ಮೇಲೆ ಮುಖದ ಬಣ್ಣದ ಒಂದು ಮಬ್ಬು, ಮಧ್ಯೆ ಕೆಂಪು ದಾರದ ಒಂದು ಕಲೆ. ಕಣ್ಣಿಲ್ಲ, ಮೂಗಿಲ್ಲ, ಗೆರೆಯೆಂಬುದೇ ಇಲ್ಲ. ಮೂಲೆಯ ಒಂದು ಚೌಕ ಮಬ್ಬಾದರೆ ಲೆನ್ಸನ್ನೇ ತಿರುಗಿ ಕೊಡುವ ಹೆಂಗಸಿನ ಎದುರು ಇದನ್ನು ಇಡುವುದೇ? ಅಳಿಸಲೆಂದು ಗುಂಡಿಗೆ ಬೆರಳಿಟ್ಟೆ.

ದೊಡ್ಡತ್ತೆ ನನ್ನ ಕೈ ಹಿಡಿದಳು.

"ಅದನ್ನ ಅಳಸಬ್ಯಾಡ" ಎಂದಳು. "ಅದೊಂದನ ಹತ್ರದಾಗ ತೆಗದದ್ದು."